ಲೇಟ್ ತಾನಾಜಿ

ಉಮದಿ,
೨೫ ನವೆಂಬರ್ ೨೦೨೪

ತಮ್ಮ ತಾನಾಜಿಗೆ ಅಕ್ಕ ಸುಮನಳ ತುಂಬು ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ನೀನು, ನಿನ್ನ ಕುರಿಗಳು, ನಿನ್ನ ಆ ಕಿವಿಹರಕ ನಾಯಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ದೀಪಾವಳಿಗೇ ಬರೆಯಬೇಕಿತ್ತು, ತಡವಾಯಿತು. ಬೈಯಬೇಡ. ತಡ ಮಾಡಿದ್ದಕ್ಕೆ ಬೈಯುವ ಹಕ್ಕು ಊರಿನಲ್ಲಿ ಯಾರಿಗಿದ್ದರೂ ನಿನಗಂತೂ ಇಲ್ಲ! ಫೋನ್ ಮಾಡಿದರೆ "ಹೂಂ ಅಕ್ಕಾ, ಹಾಂ ಅಕ್ಕಾ, ತಡಿ, ಕುರಿ ಹೊಲಕ್ಕ ಬಿದ್ವು" ಎಂದು ಇಟ್ಟುಬಿಡುತ್ತೀ. ನಾನು ಫೋನ್ ಮಾಡಿದಾಗಲೇ ನಿನ್ನ ಕುರಿಗಳು ಯಾರದೋ ಹೊಲಕ್ಕೆ ಬೀಳುವುದು ಹೇಗೆ ಎಂದು ನನಗೇನು ತಿಳಿಯುವುದಿಲ್ಲವೇ? ಅದಕ್ಕೇ ಈ ಕಾಗದ. ಕರಜಗಿಯ ಮಾಳು ನಿಮ್ಮ ಹಿಂಡು ಇರುವ ಕಡೆಗೇ ಹೊರಟಿದ್ದಾನೆ, ಅವನ ಕೈಯಲ್ಲಿ ಕೊಟ್ಟಿದ್ದೇನೆ.

ಮೊದಲು ಮುಖ್ಯ ಸಂಗತಿ ಹೇಳಿಬಿಡುತ್ತೇನೆ. ನೀನು ಬದುಕಿದ್ದೀ. ನಗಬೇಡ, ಪೂರ್ತಿ ಓದು. ಅಪ್ಪನ ಮೊದಲ ಪುಣ್ಯತಿಥಿಯ ಕಾರ್ಡನ್ನು ಯಾರಾದರೂ ನಿನಗೆ ತೋರಿಸಿದರೆ ಅದರಲ್ಲಿ ನೀನು ಸತ್ತಿದ್ದೀ. ಅದು ಅಚ್ಚಿನ ತಪ್ಪು. ಆ ತಪ್ಪು ಹೇಗಾಯಿತೆಂದು ತಿಳಿಯಬೇಕಾದರೆ ನನ್ನ ಇಂಗ್ಲಿಷ್ ಕ್ಲಾಸಿನ ಕಥೆ ಕೇಳಬೇಕು.

ಹೂಂ, ನಿನ್ನ ಅಕ್ಕ ಈ ವಯಸ್ಸಿನಲ್ಲಿ ಇಂಗ್ಲಿಷ್ ಕಲಿಯುತ್ತಿದ್ದಾಳೆ. ಜೂನ್‌ನಿಂದ ಇಲ್ಲಿಯ ಇಂಗ್ಲಿಷ್ ಶಾಲೆಯ ಬಾಲವಾಡಿಯಲ್ಲಿ ಆಯಾ ಕೆಲಸಕ್ಕೆ ಸೇರಿದ್ದೇನೆ. ಮಕ್ಕಳ ಮೂಗು ಒರೆಸುವುದಕ್ಕೂ ಇಂಗ್ಲಿಷ್ ಬೇಕಂತೆ. ಶನಿವಾರ ಮಧ್ಯಾಹ್ನ ಆಯಾಗಳಿಗೆ, ಗಾಡಿ ಡ್ರೈವರುಗಳಿಗೆ ದೀಪಾಲಿ ಮೇಡಂ ಕಲಿಸುತ್ತಾರೆ. ಸಣ್ಣ ಹುಡುಗಿ, ನಮ್ಮ ಸೃಷ್ಟಿಗಿಂತ ನಾಲ್ಕು ವರ್ಷ ದೊಡ್ಡವಳಿರಬೇಕು, ಆದರೆ ಹಲಗೆಯ ಮುಂದೆ ನಿಂತಳೆಂದರೆ ನಾನು ಕೈಕಟ್ಟಿ ಕೂರುತ್ತೇನೆ. ಎರಡು ವಾರದ ಹಿಂದೆ ಅವರು ಕಲಿಸಿದ ಶಬ್ದ 'ಲೇಟ್'. ನಾನು ಮನಸ್ಸಿನಲ್ಲೇ ನಕ್ಕೆ. ಈ ಶಬ್ದವನ್ನು ಯಾರಾದರೂ ನನಗೆ ಕಲಿಸಬೇಕೇ? ಇದು ನಮ್ಮ ಮನೆಯದೇ ಶಬ್ದ, ಊರೆಲ್ಲ ನಿನ್ನನ್ನು ಲೇಟ್ ತಾನಾಜಿ ಎಂದೇ ಕರೆಯುತ್ತದಲ್ಲ.

ಬಸ್ಸು ಲೇಟ್, ಸಂಬಳ ಲೇಟ್, ಲೇಟ್ ಎಂದರೆ ತಡ. ಅಲ್ಲಿಯವರೆಗೆ ಸುಸೂತ್ರ. ಆಮೇಲೆ ಲೇಟರ್ ಬಂತು, ಅದು ಆಮೇಲೆ ಅಂತ. ಮುಂದೆ ಲೇಟೆಸ್ಟ್. ಪಕ್ಕದಲ್ಲಿ ಕೂತ ಹಣಮವ್ವ ತಟ್ಟನೆ ಕೇಳಿದಳು: "ಹಂಗಾರ ಲೇಟೆಸ್ಟ್ ಸೀರಿ ಅಂದ್ರ ಎಲ್ಲಾದಕ್ಕಿಂತ ತಡಾ ಮಾಡಿ ಬಂದಿದ್ದೇನ್ರಿ?" ಮೇಡಂ ನಕ್ಕು, "ಹೌದ್ರೀ ಅವ್ವಾ, ಎಲ್ಲಾರಕಿಂತ ಆಮ್ಯಾಲ ಬಂದದ್ದು, ಅದಕ್ಕ ಎಲ್ಲಾರಕಿಂತ ಹೊಸಾದು" ಎಂದರು. ನನಗೆ ನಿನ್ನ ನೆನಪಾಯಿತು. ಆ ಲೆಕ್ಕದಲ್ಲಿ ನಮ್ಮ ಮನೆಯ ಲೇಟೆಸ್ಟ್ ಮನುಷ್ಯ ನೀನೇ.

ಆಮೇಲೆ ಎಲ್ಲರೂ ಆ ಶಬ್ದ ಬಳಸಿ ಒಂದೊಂದು ವಾಕ್ಯ ಹೇಳಬೇಕಿತ್ತು. ನಾನು ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ಜೋರಾಗಿ ಹೇಳಿದೆ: "ಲೇಟ್ ತಾನಾಜಿ ಇಜ್ ಮೈ ಬ್ರದರ್." ಮೇಡಂ ಮುಖ ಸಣ್ಣದಾಯಿತು. ಬಂದು ನನ್ನ ಕೈ ಹಿಡಿದರು. "ಯಾವಾಗ್ರೀ ಸುಮನಕ್ಕಾ? ನಮಗ ಯಾರಿಗೂ ಹೇಳಲೇ ಇಲ್ಲಲ್ರೀ" ಎಂದರು. ನಾನು, "ಸಣ್ಣಾವಿದ್ದಾಗಿಂದಾನೂ ಹಂಗ ಅದಾನ್ರಿ" ಎಂದೆ! ಹಣಮವ್ವ ಆಗಲೇ ಕಣ್ಣಿಗೆ ಸೆರಗು ಹಚ್ಚಿದ್ದಳು. ಯಾಕೆ ಅಳುತ್ತಾಳೆಂದು ಅವಳಿಗೂ ಗೊತ್ತಿರಲಿಲ್ಲ, ಮೇಡಂ ಮುಖ ನೋಡಿ ಅತ್ತಳು ಅಷ್ಟೆ.

ಆಗ ಗೊತ್ತಾಯಿತಪ್ಪಾ ಈ ಶಬ್ದದ ಕಿತಾಪತಿ. ಲೇಟ್ ಎಂದರೆ ತೀರಿಕೊಂಡವರು ಎಂದೂ ಅರ್ಥವಂತೆ. ಮೇಡಂ ಹಲಗೆಯ ಮೇಲೆ ಬರೆದು ತೋರಿಸಿದರು. "ತಾನಾಜಿ ಇಜ್ ಲೇಟ್ ಅಂದ್ರ ಅವರು ಬರೋ ದಾರ್‍ಯಾಗ ಅದಾರ. ಹೆಸರಿಗಿಂತ ಮೊದಲ ಲೇಟ್ ಹಚ್ಚಿದ್ರ ಅವರು ಹೋಗಿಬಿಟ್ರು. ಜಾಗಾ ನೋಡಿ ಇಡಬೇಕ್ರಿ ಸುಮನಕ್ಕಾ." ಎಂಥ ಕೆಟ್ಟ ಭಾಷೆ ಇದು! ಬರುವವನಿಗೂ ಹೋದವನಿಗೂ ಒಂದೇ ಶಬ್ದ ಇಟ್ಟುಕೊಂಡು ಇವರು ಹೇಗೆ ಸಂಸಾರ ಮಾಡುತ್ತಾರೋ. ಅಂದು ಮನೆಗೆ ಬಂದು ನಿಮ್ಮ ಮಾವನಿಗೆ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಆದರೆ ಆ ನಗು ಮುಂದಿನ ವಾರಕ್ಕೇ ನಿಂತಿತು. ಕಾರ್ಡಿನ ಹೊಣೆ ನಮ್ಮ ಸಣ್ಣ ತಮ್ಮ ವಿಜಯನದು. ಅವನೋ, ಪ್ರೆಸ್ಸಿನವನಿಗೆ ಫೋನಿನಲ್ಲೇ ಹೆಸರುಗಳನ್ನು ಹೇಳಿದ. ಅಪ್ಪನ ಹೆಸರು ಹೇಳಿ, ಅಮ್ಮನದು ಹೇಳಿ, ಕೊನೆಗೆ "ನಮ್ಮ ಲೇಟ್ ತಾನಾಜಿ ಹೆಸರ ಮರೀಬ್ಯಾಡ್ರಿ ಮತ್ತ" ಎಂದಿದ್ದಾನೆ, ಪ್ರೀತಿಗೆ. ಪ್ರೆಸ್ಸಿನವನಿಗೆ ನಮ್ಮ ಪ್ರೀತಿ ಏನು ಗೊತ್ತು? ತೀರಿಕೊಂಡವರ ಹೆಸರಿಗಿಂತ ಮೊದಲು ಮರಾಠಿಯಲ್ಲಿ ಕೈಲಾಸವಾಸಿ ಎಂಬುದನ್ನು ತುಂಡು ಮಾಡಿ 'ಕೈ.' ಎಂದು ಹಾಕುತ್ತಾರಲ್ಲ, ಅವನು ಕನ್ನಡ ಕಾರ್ಡಿನಲ್ಲೂ ಅದನ್ನೇ ಹಾಕುವವ. ಕೈ. ಶಿದ್ರಾಯ. ಕೆಳಗೆ ಕೈ. ತಾನಾಜಿ.

ವಿಜಯ ನೋಡದೆಯೇ ಹತ್ತಾರು ಕಾರ್ಡು ಹಂಚಿದ್ದ. ಅಂದು ನಾನು ತವರಿಗೆ ಬಂದು ಸನಮಡಿಯಲ್ಲೇ ಇದ್ದೆ. ಒಂದು ಕಾರ್ಡು ತೆಗೆದು ಅಮ್ಮನಿಗೆ ಓದಿ ಹೇಳುತ್ತಿದ್ದೆ. "ಕೈ. ಶಿದ್ರಾಯ" ಎಂದದ್ದೇ ತಡ, ಅಮ್ಮ ತಡೆದಳು. "ಅವರ ಕೈ ಯಾಕ ಬರದಾನ?" ನಾನು ಬಿಡಿಸಿ ಹೇಳಿದೆ. ಅವಳು, "ಇರಲಿ ಬಿಡು. ಆ ಕೈಲೇ ಮನಿ ನಡಸಿದ್ರು" ಎಂದಳು. ಅಪ್ಪನ ಕೈ ನಿನಗೆ ನೆನಪಿದೆಯಲ್ಲ, ಹುಟ್ಟಿದ ಮರಿಯನ್ನು ಎತ್ತಿ ಕಂಬಳಿಯಲ್ಲಿ ಸುತ್ತುವಾಗ ಎಷ್ಟು ಮೆತ್ತಗಾಗುತ್ತಿತ್ತು. ಅದೇ ಗುಂಗಿನಲ್ಲಿ ಮುಂದಿನ ಸಾಲನ್ನೂ ಓದಿಬಿಟ್ಟೆ.

ಅಮ್ಮ ಕೂಗಾಡುತ್ತಾಳೆ, ಪ್ರೆಸ್ಸಿನವನ ವಂಶವನ್ನೆಲ್ಲ ಜಾಲಾಡುತ್ತಾಳೆ ಎಂದುಕೊಂಡೆ. ನಮ್ಮಮ್ಮ ಯಮನವ್ವನ ಬಾಯಿ ಗೊತ್ತಲ್ಲ ನಿನಗೆ. ಅದ್ಯಾವುದೂ ಆಗಲಿಲ್ಲ ತಮ್ಮಾ. ಹಸನು ಮಾಡುತ್ತಿದ್ದ ಜೋಳದ ಮೊರವನ್ನು ಬದಿಗಿಟ್ಟಳು. "ಅವ್ನೂ ಸುಳ್ಳ ಏನ್ ಬರದಾನ ಬಿಡ ಸುಮನಿ. ವರ್ಷಾತು ಮಗಾ ಮನಿ ಹೊಸ್ತಲಾ ತುಳದಿಲ್ಲ. ಹಂತಾವಂಗ ಮತ್ತೇನಂತ ಬರೀಬೇಕು?" ಎಂದಳು. ಆ ಮಾತಿಗೆ ಉತ್ತರ ಏನಿದ್ದರೂ ಬಂದು ನೀನೇ ಹೇಳು.

ನೀನು ಯಾಕೆ ಬರುತ್ತಿಲ್ಲ ಎಂದು ನನಗೆ ಗೊತ್ತು. ಅಪ್ಪ ಹೋದ ದಿನ ಹಿಂಡು ಹೊಳೆಯ ಆಚೆ ಇತ್ತು, ಫೋನಿಗೆ ಚಾರ್ಜ್ ಇರಲಿಲ್ಲ, ಸುದ್ದಿ ಮುಟ್ಟಿದ್ದೇ ಸಂಜೆಗೆ. ನೀನು ಓಡೋಡಿ ಬರುವಷ್ಟರಲ್ಲಿ ಅಪ್ಪನನ್ನು ಮಣ್ಣು ಮಾಡಿ ಬಂದಿದ್ದೆವು. ಅಂಗಳದಲ್ಲಿ ಕೂತಿದ್ದ ದುಂಡಪ್ಪ ಕಾಕಾ ನಿನ್ನನ್ನು ಕಂಡು, "ಬಂದ್ಯಾ ಲೇಟ್ ತಾನಾಜಿ" ಎಂದ. ಪಾಪ, ಮೂವತ್ತು ವರ್ಷ ಕರೆದು ರೂಢಿಯಾದ ಬಾಯಿ ಅದು, ಅವನೂ ಅಳುತ್ತಲೇ ಅಂದದ್ದು. ನೀನು ಒಳಗೂ ಬಾರದೆ, ನೀರೂ ಮುಟ್ಟದೆ ನೆಟ್ಟಗೆ ಗೋರಿಯ ಕಡೆಗೆ ಹೋದೆ, ಅಲ್ಲಿಂದಲೇ ಹಿಂಡಿಗೆ ಹೋದೆ. ಕಾಕಾ ಇಂದಿಗೂ ನನ್ನ ಮುಂದೆ ಬಾಯಿ ಬಡಿದುಕೊಳ್ಳುತ್ತಾನೆ. ಅವನ ಮೇಲಿನ ಸಿಟ್ಟನ್ನು ಬಿಟ್ಟುಬಿಡೋ. ನಿನ್ನ ಮೇಲಿನ ಸಿಟ್ಟನ್ನೂ ಬಿಡು, ಅದೇ ದೊಡ್ಡದು ಎಂದು ನಾನು ಬಲ್ಲೆ.

ಪುಣ್ಯತಿಥಿ ಮುಂದಿನ ತಿಂಗಳು ಎರಡನೆಯ ಸೋಮವಾರ. ಎಡೆ ಹಿಡಿಯುವವನು ಹಿರಿಮಗ. ವಿಜಯ ಹಿಡಿಯಲಿ ಎಂದು ಊರವರು ಅಂದರೆ ಅಮ್ಮ, "ಹಿರ್‍ಯಾವ ಅದಾನ" ಎಂದು ಅಷ್ಟೇ ಅಂದಳು. ಕಂಬಳಿ ಒಗೆದು ಬಿಸಿಲಿಗೆ ಹಾಕಿದ್ದಾಳೆ. ನಿನಗಿಷ್ಟವೆಂದು ಹುರುಳಿ ಕಟ್ಟಿನ ಸಾರಿಗೆ ಈಗಿನಿಂದಲೇ ಹುರುಳಿ ಆರಿಸುತ್ತಿದ್ದಾಳೆ. ಹಿಂಡನ್ನು ಎರಡು ದಿನ ಮಾಳು ನೋಡಿಕೊಳ್ಳುತ್ತಾನೆ, ನಾನು ಅವನಿಗೆ ಹೇಳಿ ಒಪ್ಪಿಸಿದ್ದೇನೆ. ಇನ್ನು ಕುರಿ ಹೊಲಕ್ಕೆ ಬಿದ್ದವು ಎನ್ನುವ ನೆಪವೂ ನಿನಗೆ ಉಳಿದಿಲ್ಲ.

ಚಳಿ ಬಿದ್ದಿದೆ, ಕಿವಿಗೆ ಕಟ್ಟಿಕೊಂಡು ಮಲಗು. ಹೊಟ್ಟೆತುಂಬ ಉಣ್ಣು. ಬೀರಪ್ಪ ನಿನ್ನನ್ನೂ ನಿನ್ನ ಹಿಂಡನ್ನೂ ತಂಪಾಗಿ ಇಟ್ಟಿರಲಿ. ನಿಮ್ಮ ಮಾವ ರೇವಪ್ಪ ಕೇಳಿದ್ದಾರೆಂದು ತಿಳಿಸಲು ಹೇಳಿದರು. ಸೃಷ್ಟಿ ಸೋದರಮಾವನಿಗೆ ನಮಸ್ಕಾರ ಹೇಳಿದ್ದಾಳೆ.

ನಿನ್ನ ಅಕ್ಕ,
ಸುಮನ

ತಾ.ಕ.: ಒಂದು ಮಾತು ನಿನಗೆ ಹೇಳುವುದು ಉಳಿದುಹೋಗಿದೆ. ಅಂದು ನೀನು ನಿಂತಿದ್ದರೆ ಅಂಗಳದಲ್ಲೇ ಹೇಳುತ್ತಿದ್ದೆ. ನಿನಗೆ ಆ ಹೆಸರು ಬಂದದ್ದು ಹೇಗೆ ಎಂದು ನೆನಪಿದೆಯೇ? ಕುರಿಮರಿಗಳನ್ನು ಹಾಲು ಕುಡಿಯಲು ತಾಯಿಗೆ ಬಿಟ್ಟು ನೀನು ದಿನಾ ತಡವಾಗಿ ಹೋಗುತ್ತೀ ಎಂದು ಗುರುಗಳು ಅಪ್ಪನನ್ನು ಶಾಲೆಗೆ ಕರೆಸಿದ್ದರು. "ಇವ ದಿನಾ ಲೇಟ್" ಎಂದರು. ಅಪ್ಪ, "ಲೇಟ್ ಅಂದ್ರ ಏನ್ರಿ ಗುರುಗಳ?" ಎಂದು ಕೇಳಿದ. "ತಡಾ ಮಾಡಿ ಬರೂದು." ಅಪ್ಪನಿಗೆ ಎಷ್ಟು ಖುಷಿ! "ಬರ್ತಾನಲ್ರೀ ಮತ್ತ!" ಎಂದ. ಅಂದಿನಿಂದ ನೀನು ಲೇಟ್ ತಾನಾಜಿ.

ಕೊನೆಯ ದಿನ ಅಪ್ಪನಿಗೆ ಮಾತು ತೊದಲುತ್ತಿತ್ತು. ನಿನ್ನ ಫೋನು ಹತ್ತುತ್ತಿರಲಿಲ್ಲ. "ತಾನಾಜಿ ಬಂದ್ನೇನ?" ಎಂದು ಕೇಳಿದ. ನಾನು, "ಇಲ್ಲಪ್ಪಾ, ಲೇಟ್ ಆಗೇತಿ" ಎಂದೆ. ಅವನ ಮುಖದಲ್ಲಿ ನಗು ಬಂತು ತಮ್ಮಾ, ನನ್ನ ಕಣ್ಣಾರೆ ಕಂಡೆ. "ಹಂಗಾರ ಬರ್ತಾನ" ಎಂದು ಕಣ್ಣು ಮುಚ್ಚಿದ. ಮತ್ತೆ ಮಾತಾಡಲಿಲ್ಲ.