ಸೀಸೆಯಲ್ಲಿದ್ದ ಹುಳ

ಸಾಲಗಾಮೆ
11-11-1962

ಕಾರವಾರದಲ್ಲಿರುವ ಸೊಸೆ ಶಿವಗಂಗಮ್ಮನಿಗೆ ನಿನ್ನ ಮಾವ ನಂಜಪ್ಪನ ಆಶೀರ್ವಾದ.

ಮೇಷ್ಟರ ಕೈಲಿ ಬರೆಸಿದರೆ ಒಪ್ಪಲ್ಲ, ನೀವೇ ಬರೀಬೇಕು ಅಂತ ಹಟ ಹಿಡಿದಿದ್ದೀಯ. ಮೂರನೇ ಕ್ಲಾಸಿಗೇ ಸ್ಲೇಟು ಬಿಸಾಕಿ ನೇಗಿಲು ಹಿಡಿದವನಿಗೆ ಇದೇನು ಶಿಕ್ಷೆ ತಾಯಿ? ಬೆಳಿಗ್ಗೆಯಿಂದ ಕೂತಿದ್ದೀನಿ. ಎಮ್ಮೆಗೆ ಹುಲ್ಲು ಹಾಕಿಲ್ಲ. ನಿಮ್ಮತ್ತೆ ರೇವಮ್ಮ ಎರಡು ಸಲ ಬಂದು ಏನು ಬರೀತಿದ್ದೀರಿ ಅಂದಳು. ಗದರಿ ಕಳಿಸಿದೆ.

ಬಸವರಾಜು ಟ್ರಂಕಿನ ಸೀಸೆ ಕಳಿಸಿ ಅಂತ ನೀನು ಕೇಳಿದ್ದಕ್ಕೆ ಎರಡು ಕಾರ್ಡಿನಲ್ಲೂ ಸೀಸೆ ಇಲ್ಲಿಲ್ಲ ಅಂತ ಬರೆಸಿದ್ದೆ. ಅದು ನಿಜ. ಇರಲೇ ಇಲ್ಲ ಅಂದೆ ನೋಡು, ಅದು ಸುಳ್ಳು.

ಬಸವರಾಜು ಕಾಮಾಲೆಯಲ್ಲಿ ಹೋದ ಮಾರನೇ ದಿನ ಅವನ ಟ್ರಂಕು ತೆಗೆದೆ. ಪಂಚೆಯಲ್ಲಿ ಸುತ್ತಿಟ್ಟ ಸೀಸೆ. ಬಿರಡೆ ಕಿತ್ತರೆ ಗಪ್ಪಂತ ಸಾರಾಯಿ ನಾತ. ತಳದಲ್ಲಿ ಏನೋ ಗಸಿ. ಮಗ ಕಣ್ಣು ಹಳದಿ ತಿರುಗಿ ಸತ್ತಿದ್ದಾನೆ, ಪೆಟ್ಟಿಗೇಲಿ ಇದು. ಇನ್ನೇನು ಅಂದುಕೊಳ್ಳಲಿ? ಊರವರು ಕುಡಿದು ಸತ್ತ ಅಂತಾರೆ ಅಂತ ಎದೆ ಒಡೀತು. ಬೂದಿ ಬಿಡೋಕೆ ರಾಮನಾಥಪುರಕ್ಕೆ ಹೋದಾಗ ಸೀಸೆ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ. ನನ್ನ ತಮ್ಮ ಚಿಕ್ಕಯ್ಯ ಮುಳುಗು ಹಾಕೋ ಹೊತ್ತಿಗೆ ಕಾವೇರಿಗೆ ಸುರಿದು ಸೀಸೆಯನ್ನೂ ಎಸೆದೆ. ಆಮೇಲೆ ನೀನು ಸೀಸೆ ಸೀಸೆ ಅಂತ ಬರೆದಾಗ, ಗಂಡನ ಮಾನ ಮುಚ್ಚೋಕೆ ಕೇಳ್ತಿದ್ದಾಳೆ ಅಂದುಕೊಂಡೆ.

ಈಗ ಬಿಡಿಸಿ ಬರೆದಿದ್ದೀಯ. ಅದು ಹುಳ ಕೊಳೆಯದ ಹಾಗೆ ಹಾಕೋ ಸ್ಪಿರಿಟ್ಟಂತೆ. ಸಿಗಡಿ ಜಾತಿಯದು, ಎಳ್ಳಿಗಿಂತ ಚೂರು ದೊಡ್ಡದು, ಇಲ್ಲೀತನಕ ಯಾರೂ ಕಾಣದ್ದಂತೆ. ಅದರ ಕಾಲು ಮೀಸೆ ಎಲ್ಲ ಬಸವರಾಜು ಎಣಿಸಿ ಬರೆದಿಟ್ಟಿದ್ದಾನಂತೆ. ಹುಳ ತೋರಿಸದೆ ಅದನ್ನು ಯಾರೂ ಅಚ್ಚು ಹಾಕಲ್ಲ, ಕಂಡುಹಿಡಿದವನು ಅಂತ ಅವನ ಹೆಸರೂ ನಿಲ್ಲಲ್ಲ. ನೀನು ಆರು ಸಲ ಅಲ್ಲಿ ಸಮುದ್ರದ ದಡ ಹುಡುಕಿದರೂ ಇನ್ನೊಂದು ಸಿಕ್ಕಿಲ್ಲ.

ಮೂರು ತಿಂಗಳು ನನ್ನ ಮಗ ಕುಡುಕ ಅಂದುಕೊಂಡೇ ಉಂಡೆ. ಅವನಿಗೆ ಎಡೆ ಇಡುವಾಗಲೂ ಒಳಗೊಳಗೇ ಬೈಕೊಂಡೇ ಇಟ್ಟೆ. ಅವನು ಕುಡುಕನಲ್ಲ. ಅವನು ಬಿಟ್ಟುಹೋದದ್ದನ್ನು ಹೊಳೆಗೆ ಚೆಲ್ಲಿದವನು ನಾನು. ಬೈಯೋದಾದರೆ ನನಗೆ ಬೈ, ನಿಮ್ಮತ್ತೆಗೆ ಬರೀಬೇಡ.

ಇಂತಿ,
ನಂಜಪ್ಪ

ಇನ್ನೊಂದು ಮಾತು. ಬಸವರಾಜು ಇಲ್ಲಿಗೆ ಬಂದವನು ಹಾಸಿಗೆ ಹಿಡಿಯೋ ಮುಂಚೆ ಒಂದು ಮಧ್ಯಾಹ್ನ ಕಾಫಿ ಸಾಸರಿನಲ್ಲಿ ಒಂದು ಹುಳ ಹಾಕಿ ತಂದು, ಭೂತಗನ್ನಡಿ ಕೊಟ್ಟು ನೋಡಪ್ಪಾ ಅಂದ. ಹೇನು ತೋರಿಸೋಕೆ ಎಮ್ಮೆಸ್ಸಿ ಓದಿದೆಯಾ ಅಂದೆ. ನಕ್ಕ. ಯಾವುದರಿಂದ ತೆಗೆದೆ ಅಂತಲೂ ನಾನು ಕೇಳಲಿಲ್ಲ; ಕೇಳಿದ್ದರೆ ಸೀಸೆ ತೋರಿಸಿರೋನು. ಅವನು ಒಳಗೆ ಹೋದ ಮೇಲೆ ನೋಡಿದೆ. ಕುಡುಗೋಲಿನಂಗೆ ಬಾಗಿತ್ತು. ಹೊಟ್ಟೆಯಡಿ ಮರಿ ಅವುಚಿಕೊಂಡಿತ್ತು. ನೋಡಿದೆ ಅಂತ ಅವನಿಗೆ ಹೇಳಲಿಲ್ಲ.

ಅಮಾವಾಸ್ಯೆಗೆ ನೀರು ದೂರ ಸರಿದಾಗ ಮಾತ್ರ ಕಾಣೋ ಬಂಡೆ, ನಮ್ಮನೆ ಬೀಸೋ ಕಲ್ಲಿನಂಗೇ ನಡುವೆ ಗುಳಿ, ಅದರ ಪಾಚೀಲಿ ಸಿಕ್ತು ಅಂದಿದ್ದ. ನಾನು ಸಮುದ್ರ ಕಂಡವನಲ್ಲ. ಆದರೆ ಆ ಕಲ್ಲು ನನಗೆ ಗೊತ್ತಾಗುತ್ತೆ. ಅಮಾವಾಸ್ಯೆ ಇಪ್ಪತ್ತೇಳಕ್ಕೆ. ಆ ಹುಳ ಹುಡುಕೋಕೆ ನಾನು ಕಾರವಾರಕ್ಕೆ ಬರಲೋ ಬೇಡವೋ, ಇಪ್ಪತ್ತೆರಡನೇ ತಾರೀಕಿನೊಳಗೆ ಉತ್ತರ ಬರಬೇಕು.