ಮೂರನೆಯ ಸಾಲಿನ ತಾವರೆ

ನಾಚಾರಂ, ಹೈದರಾಬಾದ್
೧೬ ಮಾರ್ಚ್ ೨೦೨೪

ಪ್ರಿಯ ನಲಿನಿ,

ಸಪ್ರೇಮ ನಮಸ್ಕಾರಗಳು. ಸಂಕ್ರಾಂತಿಗೆ ನೀನು ಕಳುಹಿಸಿದ ಎಳ್ಳು-ಬೆಲ್ಲವೂ ಪತ್ರವೂ ಆಗಲೇ ತಲುಪಿದ್ದವು. ಉತ್ತರ ತಡವಾಯಿತು, ಕ್ಷಮಿಸು. ಕಣ್ಣಿನ ಶಸ್ತ್ರಚಿಕಿತ್ಸೆಯ ನೆಪ ಹೇಳಬಹುದಿತ್ತು. ಆದರೆ ಕಣ್ಣು ಚೆನ್ನಾಗಿಯೇ ಇದೆ. ಬರೆಯುವ ಮನಸ್ಸಿರಲಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನೀನು ಮಾತು ತಿರುಗಿಸುವವಳು. ಕಲಬುರಗಿಯಲ್ಲಿ ಬಿಸಿಲು ಏರಿರಬೇಕು. ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ.

ನಿನ್ನ ಮಗಳು ಭಕ್ತಿಯ ವಿಷಯಕ್ಕೆ ಬರುತ್ತೇನೆ. ಕೊಂಡಾಪುರದ ಅಪಾರ್ಟ್‌ಮೆಂಟೊಂದಕ್ಕೆ ಅವಳು ಉದ್ಯಾನ ರೂಪಿಸುತ್ತಿರುವುದು ನಿನಗೆ ಗೊತ್ತು. ಪ್ರತಿ ತಿರುವಿನಲ್ಲಿ ಒಂದೊಂದು ಭಾಷೆಯ ಪದ್ಯ. ಆ ಪದ್ಯ ಹೇಳಿದಂತೆ ಅಲ್ಲಿನ ಗಿಡ, ಕಲ್ಲು, ನೀರು. ಚಳಿಗಾಲವಿಡೀ ಭಾನುವಾರ ಬಂದು ನನ್ನ ಎದುರಿಗೆ ಕುಳಿತಳು. ನಮ್ಮ ಹಳೆಯ ಕಾವ್ಯಗಳಲ್ಲಿ ಉದ್ಯಾನದ ವರ್ಣನೆ ಬಾರದೆ ಕಥೆ ಮುಂದೆ ಸಾಗುತ್ತಿರಲಿಲ್ಲವೆಂದು ನಾನು ಹೇಳಿದೆ. ಚೀನಾದ ವಿದ್ವಾಂಸರು ತೋಟದ ಮಂಟಪಗಳಿಗೆ ಪದ್ಯದ ಸಾಲಿನಿಂದಲೇ ಹೆಸರು ಆರಿಸುತ್ತಿದ್ದರೆಂದೂ, ಇಂಗ್ಲೆಂಡಿನ ಕವಿಯೊಬ್ಬ ತನ್ನ ತೋಟದ ಆಸನಗಳ ಮೇಲೆ ಪದ್ಯ ಬರೆಯಿಸಿದ್ದನೆಂದೂ ಅವಳು ಹೇಳಿದಳು. ಹಾಗಾದರೆ ಪದ್ಯ ಮೊದಲು, ತೋಟ ಆಮೇಲೆ. ಪದ್ಯದಲ್ಲಿ ಒಂದು ಮಾತು ಸುಳ್ಳಾದರೆ ತೋಟವೇ ಸುಳ್ಳಾಗುತ್ತದೆ ಎಂದು ಎಚ್ಚರಿಸಿದೆ. ಒಳ್ಳೆಯ ವಿದ್ಯಾರ್ಥಿನಿಯಂತೆ ತಲೆಯಾಡಿಸಿದಳು.

ಕಳೆದ ತಿಂಗಳು ಕನ್ನಡದ ತಿರುವಿಗೆಂದು ಒಂದು ಪದ್ಯ ತಂದಳು. “ಮೌಶಿ, ಇದು ನಮ್ಮಮ್ಮ ಕಟ್ಟಿದ್ದು. ನಾ ಸಣ್ಣಾಕಿ ಇದ್ದಾಗ ಇದನ್ನ ಹಾಡಿ ಮಲಗಸ್ತಿದ್ಲು. ತಪ್ಪಿದ್ರ ಈಗ ತಿದ್ರಿ, ಕಲ್ಲಿಗೆ ಹೋದ ಮ್ಯಾಲೆ ಆಗೂದಿಲ್ಲ” ಎಂದು ಓದಿದಳು:

ಮೊದಲು ನೀರಿನ ದನಿ;
ಹಸಿರು ಸರಿಸಿ ನೋಡಿದೆ.
ಅಲ್ಲಿ ತಾವರೆ ನಗುತಿತ್ತು.

ನಲಿನಿ, ಆ ಪದ್ಯ ನನ್ನದು. ನಾನು ಅದನ್ನು ಒಮ್ಮೆ ಮಾತ್ರ ಹೇಳಿದ್ದೇನೆ, ಕೇಳಿದವಳು ನೀನೊಬ್ಬಳೇ. ಮೂರನೆಯ ಸಾಲು “ಅಲ್ಲಿ ಮಣ್ಣು ಒದ್ದೆ” ಎಂದಿತ್ತು. ತಾವರೆಯನ್ನು ನೀನು ತಂದು ನೆಟ್ಟೆ. ಹೂವು ನಗುವುದನ್ನು ನಾನು ನಾಲ್ಕನೆಯ ತರಗತಿಯ ಪ್ರಬಂಧಗಳಲ್ಲೂ ಸಹಿಸಿದವಳಲ್ಲ.

ಮೂರನೆಯ ಸಾಲು ಸರಿಯಿಲ್ಲ, ಅಲ್ಲಿ ಒದ್ದೆ ಮಣ್ಣೇ ಇರಬೇಕು ಎಂದೆ. ಭಕ್ತಿ ನಕ್ಕುಬಿಟ್ಟಳು. “ಅಮ್ಮನ ಪದ್ಯಕ್ಕೂ ಕೆಂಪು ಶಾಯಿ ಏನ್ರಿ? ನಿಮ್ಮ ಕೈಯಾಗ ದೇವರೂ ಪಾಸಾಗೂದಿಲ್ಲ ಬಿಡ್ರಿ.” ಅದು ಯಾರ ಪದ್ಯವೆಂದು ನಾನು ಹೇಳಲಿಲ್ಲ. ಮಗಳ ಎದುರಿಗೆ ತಾಯಿಯನ್ನು ಕಳ್ಳಿ ಎನ್ನುವಷ್ಟು ನಾನು ಇಳಿದಿಲ್ಲ.

ಮೊನ್ನೆ ತೋಟ ತೋರಿಸಲು ಕರೆದೊಯ್ದಳು. ತೆಲುಗಿನ ತಿರುವಿನಲ್ಲಿ ಮಾವು, ಉರ್ದುವಿನ ತಿರುವಿನಲ್ಲಿ ಕಿರಿದಾದ ಕಾಲುವೆ, ಎರಡೂ ಸೊಗಸಾಗಿವೆ. ಕನ್ನಡದ ತಿರುವಿನಲ್ಲಿ ಮಲ್ಲಿಗೆಯ ಪೊದೆಗಳಾಚೆ ನೀಲಿ ಟೈಲ್ಸ್ ಹಾಕಿದ ಕೊಳ, ಅದರಲ್ಲಿ ತಾವರೆ. ಕೊಳವನ್ನು ಮುಚ್ಚಿಸು, ಪೊದೆಯ ಹಿಂದೆ ನೀರಿನ ಸದ್ದು ಮಾತ್ರ ಇರಲಿ, ನೆಲ ತೊಯ್ದಿರಲಿ ಎಂದೆ. ಅಲ್ಲಿನ ಸಂಘದ ಅಧ್ಯಕ್ಷ ಶಾಂತಕುಮಾರ ಎಂಬವರು ಗಾಬರಿಯಾದರು. “ಕೆಸರು ನೋಡಾಕ ಯಾರು ಬರ್ತಾರ್ರಿ ಮೇಡಂ? ಮಂದಿ ಫೋಟೋ ಎಲ್ಲಿ ನಿಂತು ತಗೀಬೇಕು?” ಎಂದು ಕೇಳಿದರು. ನಾನು ಭಕ್ತಿಯತ್ತ ನೋಡಿದೆ.

“ಪದ್ಯದಾಗ ಇದ್ದಂಗ ಮಾಡೀನಿ, ಮೌಶಿ. ನೀವೇ ಹೇಳಿದ್ರಲ್ಲಾ” ಎಂದಳು.

ನನ್ನದೇ ಪಾಠವನ್ನು ನನಗೇ ಒಪ್ಪಿಸಿದಳು. ಅವಳ ತಪ್ಪೇನೂ ಇಲ್ಲ. ಕೊಟ್ಟ ಪದ್ಯಕ್ಕೆ ನಿಷ್ಠೆಯಿಂದ ತೋಟ ಮಾಡಿದ್ದಾಳೆ. ಇಷ್ಟು ವರ್ಷ ನಿನ್ನ ಬಾಯಲ್ಲಿದ್ದ ಸುಳ್ಳಿಗೆ ಈಗ ಬೇರು ಬಂದಿದೆ, ನೀರೂ ಹರಿಯುತ್ತಿದೆ.

ಯುಗಾದಿಯ ದಿನ ಕಲ್ಲಿನ ಮೇಲಿನ ಬಟ್ಟೆ ಸರಿಸುವವಳು ನೀನಂತೆ. ಖಂಡಿತ ಬಾ. ಪದ್ಯದ ಕೆಳಗೆ ನಿನ್ನ ಹೆಸರೇ ಇರಲಿ. ನನ್ನ ಹೆಸರನ್ನು ಆ ಕೊಳದ ದಂಡೆಯಲ್ಲಿ ನೋಡುವ ಆಸೆ ನನಗಿಲ್ಲ. ಆದರೆ ಮೂರನೆಯ ಸಾಲು ಮೊದಲಿನಂತಾಗಬೇಕು, ಕೊಳ ಹೋಗಬೇಕು. ತಿಂಗಳ ಕೊನೆಗೆ ಕಲ್ಲು ಕೆತ್ತಲು ಕೊಡುತ್ತಾಳೆ. ಈ ಪತ್ರ ತಲುಪಿದ ದಿನವೇ ಮಗಳಿಗೆ ಫೋನ್ ಮಾಡು. ನಾನು ಹೇಳಿದರೆ ಅದು ಶಾಲೆಯ ಟೀಚರಮ್ಮನ ಹಠ. ನೀನು ಹೇಳಿದರೆ ಕವಿಯ ಮಾತು.

ಭಕ್ತಿಗೆ ನನ್ನ ಆಶೀರ್ವಾದ. ಅವಳ ಕೈಯಿಂದ ಇನ್ನೂ ಅನೇಕ ತೋಟಗಳು ಏಳಲಿ, ಅವಳಿಗೆ ಕೊಡುವ ಪದ್ಯಗಳು ನಿಜವಾಗಿರಲಿ. ನಿನಗೂ ದೇವರು ಆರೋಗ್ಯ ಕೊಡಲಿ.

ಇಂತು ನಿನ್ನ,
ವತ್ಸಲಾ

ತಾ.ಕ.: ಹೆರಿಗೆ ಆಸ್ಪತ್ರೆಯಲ್ಲಿ ಆ ದಿನ ನನ್ನ ಮಂಚದ ಪಕ್ಕ ನಿಂತಿದ್ದವಳು ನೀನು. ಹಸಿರು ಪರದೆಯಾಚೆ ನನ್ನ ಕೂಸು ಒಮ್ಮೆ ಅತ್ತಿತು. ಪರದೆ ಸರಿಸೆಂದು ಬೇಡಿಕೊಂಡೆ. ನೀನು ಸರಿಸುವಷ್ಟರಲ್ಲಿ ಅದರ ಜೀವ ಹೋಗಿತ್ತು, ಎತ್ತಿಕೊಂಡು ಹೋಗಿಬಿಟ್ಟಿದ್ದರು. ಮೇಜಿನ ಮೇಲೆ ಒದ್ದೆ ಬಟ್ಟೆಯೊಂದೇ ಉಳಿದಿತ್ತು. ಮುಖವನ್ನು ನಾನು ನೋಡಲೇ ಇಲ್ಲ. ಆ ಸಂಜೆ ನಿನಗೆ ಹೇಳಿದ ಮೂರು ಸಾಲು ಅವು. ಅವುಗಳಿಂದ ನೀನು ನಿನ್ನ ಕೂಸನ್ನು ಮಲಗಿಸಿದೆ. ಅದನ್ನೂ ನುಂಗಿಕೊಂಡೇನು. ಆದರೆ ಪರದೆಯಾಚೆ ತಾವರೆ ಇರಲಿಲ್ಲ, ನಲಿನಿ. ನೀನು ನೋಡಿದ್ದೀ.