ಊಹೆ ಒಂದು, ಊಹೆ ಎರಡು

ಆಗಸ್ಟ್ 2

ಪುತ್ತೂರಿನ ಕೋಚಿಂಗ್. ರೀಸನಿಂಗ್ ಟೆಸ್ಟಿನಲ್ಲಿ ಮತ್ತೆ ಎಡವಟ್ಟು. ಹೇಳಿಕೆ: 'ಸುಳ್ಯ ಬಸ್ಸಿಗೆ ಇಲ್ಲಿ ನಿಲ್ಲಿ' ಎಂದು ಬೋರ್ಡ್ ಇದೆ. ಅದರಲ್ಲಿ ಅಡಗಿದ ಊಹೆ ಯಾವುದು? ನನ್ನ ಉತ್ತರ — ಬಸ್ಸು ತಡವಾಗಿ ಬರುತ್ತದೆ. ಸರಿಯುತ್ತರ — ಬೋರ್ಡ್ ಓದುವವರಿದ್ದಾರೆ. ನೀಲಾವತಿ ಮೇಡಂ ನಕ್ಕರು. "ಮುಫೀದಾ, ನಿಂಗೆ ಗೊತ್ತಿದ್ದದ್ದನ್ನೆಲ್ಲ ಹೇಳಿಕೆಗೆ ತುಂಬಿಸುದು ಎಂತಕ್ಕೆ ಮಾರಾಯ್ತಿ?"

ಬ್ಯಾಂಕ್ ಪರೀಕ್ಷೆಗೆ ಈ ಒಂದೇ ಸಲ. ಪಾಸಾಗದಿದ್ದರೆ ಮದುವೆ — ಅಪ್ಪ-ಮಗಳ ಒಪ್ಪಂದ, ಉಪ್ಪನ ಹತ್ತಿರ ನಾನೇ ಒಪ್ಪಿಕೊಂಡ ಮಾತು. ಅರ್ಜಿ ಹಾಕಲು ಇಪ್ಪತ್ತೊಂದರವರೆಗೆ ಸಮಯವಿದೆ.

ಆಗಸ್ಟ್ 9

ಮನೆಯ ಹಿಂದೆ ಕೆಂಪುಕಲ್ಲು ಬಂದು ಬಿದ್ದಿದೆ. ಉಪ್ಪ ಕೋಣೆ ಕಟ್ಟಿಸುತ್ತಾರಂತೆ. ಅಟ್ಯಾಚ್ಡ್ ಬಾತ್‌ರೂಮ್ ಬೇರೆ. ಮದುವೆಯಾಗದ ಹುಡುಗಿ ಇರುವ ನಮ್ಮವರ ಮನೆಯಲ್ಲಿ ಅಂಥ ಕೋಣೆ ಏಳುವುದು ಅಳಿಯ ಬಂದಾಗ ಉಳಿಯಲು. ಗೆಳತಿ ಜುವೈರಿಯಾಳ ಮನೆಯಲ್ಲೂ ಹಾಗೇ ಆಯಿತು. ಗೋಡೆ ಎದ್ದಿತು, ತಿಂಗಳೊಳಗೆ ನಿಕಾಹ್.

ಪರೀಕ್ಷೆ ಬರೆಯುವ ಮೊದಲೇ... ನನ್ನ ಹತ್ತಿರ ಒಂದು ಮಾತೂ ಕೇಳಲಿಲ್ಲ.

ಆಗಸ್ಟ್ 13

ಉಪ್ಪನೊಡನೆ ಮಾತು ಬಿಟ್ಟಿದ್ದೇನೆ. ತಲೆನೋವೆಂದು ಕ್ಲಾಸಿಗೂ ಹೋಗಲಿಲ್ಲ. ಊಟಕ್ಕೆ ಕೂತಾಗ ಅವರೇ ಕೇಳಿದರು, "ಕೋಣೆಗೆ ಎಂತ ಬಣ್ಣ ಆಗ್ಬೇಕು ನಿಂಗೆ?"

"ನಿಮಗೆ ಬೇಕಾದ್ದು ಹಾಕಿ" ಎಂದೆ. ಅವರ ಮುಖ ಸಣ್ಣದಾಯಿತು. ಆಗಲಿ.

ಆಗಸ್ಟ್ 21

ಕೊನೆಯ ದಿನ. ಕಬಕದಲ್ಲಿ ಅರ್ಜಿ ತುಂಬಿಸಿಕೊಡುವ ಆಶಿಕನ ಸೈಬರ್‌ವರೆಗೆ ಹೋದೆ. ಮೆಟ್ಟಿಲು ಹತ್ತಲಿಲ್ಲ. ಯಾವ ಚಂದಕ್ಕೆ ಅರ್ಜಿ?

ಸೆಪ್ಟೆಂಬರ್ 6, ಸಂಜೆ 4.30

ಕೋಣೆ ಮುಗಿಯಿತು. ಉಪ್ಪ ಕರೆದರು. ದೊಡ್ಡ ಮಂಚ ಇರುತ್ತದೆ ಎಂದುಕೊಂಡೇ ಒಳಗೆ ಕಾಲಿಟ್ಟೆ.

ಮಂಚ ಇಲ್ಲ. ಕಿಟಕಿಯ ಪಕ್ಕ ಮೇಜು, ಕುರ್ಚಿ. ಗೋಡೆಗೆ ಪುಸ್ತಕದ ಹಲಗೆ.

"ಒಳಗೆ ಟಿವಿ, ನಿನ್ನ ಅಣ್ಣನ ಮಕ್ಕಳ ಗಲಾಟೆ. ಇಲ್ಲಿ ಬಾಗಿಲು ಹಾಕಿ ಓದು. ಬಾತ್‌ರೂಮಿಗೆ ಸಹ ಹೊರಗೆ ಬರುದು ಬೇಡ" ಎಂದರು.

"ಮೊದಲೇ ಹೇಳ್ಬಹುದಿತ್ತಲ್ಲ ಉಪ್ಪಾ?"

"ಹೇಳುದೆಂತ ಉಂಟು? ಮನೆಯಲ್ಲಿ ಪರೀಕ್ಷೆಗೆ ಓದುವವಳು ನೀನೊಬ್ಳೇ ಅಲ್ವಾ."

ಅಳು ಬಂತು. ಮುಖ ತೊಳೆಯುವ ನೆವದಲ್ಲಿ ಹೊಸ ಬಾತ್‌ರೂಮಿಗೆ ಹೊಕ್ಕೆ. ನಲ್ಲಿ ತಿರುಗಿಸಿ ತುಂಬ ಹೊತ್ತು ನಿಂತೆ.

ಈಗ ಇದೇ ಮೇಜಿನ ಮೇಲೆ ಬರೆಯುತ್ತಿದ್ದೇನೆ. ಉಪ್ಪ ಚಾ ಹಿಡಿದು ಬಾಗಿಲಿಗೆ ಬಂದಿದ್ದಾರೆ. ಓದುತ್ತಿದ್ದೇನೆ ಎಂದುಕೊಂಡಿರಬೇಕು, ಮೆಲ್ಲಗೆ ಕೇಳಿದರು, "ಪರೀಕ್ಷೆ ಯಾವತ್ತು ಮೋಳೇ?"

ಅಡಗಿದ ಊಹೆ: ಮಗಳು ಅರ್ಜಿ ಹಾಕಿದ್ದಾಳೆ.

ಇನ್ನೂ ನಿಂತಿದ್ದಾರೆ. ಚಾ ಆರುತ್ತಿದೆ. ಹೇಳಬೇಕು. ಉಪ್ಪಾ, ನಾನು ಅವತ್ತು —